ಗೋಧಿ, ಹಾಲು, ಬೇಳೆ ಮತ್ತು ತಲೆಗೆ ಕವಿಯುವ ಮಂಕು: ಯಾವುದನ್ನು ಬಿಡಬೇಕು, ಹೇಗೆ ತಿಳಿಯಬೇಕು?

ಹೇಮಾವತಿ ತೀರದವಳು

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು, ಆರು ವರ್ಷಗಳಿಂದ ಗುರುಗ್ರಾಮದಲ್ಲಿದ್ದೇನೆ. ಕ್ರಯಪತ್ರ, ದಾವೆ, ಮಧ್ಯಂತರ ಆದೇಶ ಮುಂತಾದ ಕಾನೂನು ದಾಖಲೆಗಳನ್ನು ಮನೆಯಿಂದಲೇ ಕನ್ನಡಕ್ಕೆ ಅನುವಾದಿಸುವುದು ನನ್ನ ಕೆಲಸ. ಒಂದು ಪದ ಜಾರಿದರೂ ಅರ್ಥ ತಲೆಕೆಳಗಾಗುವ ಕೆಲಸವಿದು. ಕಳೆದ ಎಂಟು ತಿಂಗಳಿಂದ ನನ್ನ ತಲೆಗೆ ಒಂದು ಬಗೆಯ ಮಂಕು ಕವಿಯುತ್ತಿದೆ. ಅದು ನಿದ್ದೆಯೂ ಅಲ್ಲ, ತಲೆನೋವೂ ಅಲ್ಲ. ವಾಕ್ಯದ ಕೊನೆಗೆ ಬರುವ ಹೊತ್ತಿಗೆ ಅದರ ಆರಂಭ ಮರೆತಿರುತ್ತದೆ. ಹೋದ ತಿಂಗಳು ಒಂದೇ ಪುಟದಲ್ಲಿ ಮೂರು ಕಡೆ ‘ವಾದಿ’ ಎಂದಿರಬೇಕಾದಲ್ಲಿ ‘ಪ್ರತಿವಾದಿ’ ಎಂದು ಬರೆದಿದ್ದೆ. ತಿದ್ದುವವರು ಕಂಡುಹಿಡಿದು ತಿಳಿಸಿದಾಗ ನನಗೆ ನಿಜಕ್ಕೂ ಭಯವಾಯಿತು.

ಚಿಕ್ಕಂದಿನಿಂದ ಮುದ್ದೆ, ಅನ್ನ ಉಂಡು ಬೆಳೆದವಳು ನಾನು. ಇಲ್ಲಿಗೆ ಬಂದ ಮೇಲೆ ಎರಡು ಹೊತ್ತೂ ಚಪಾತಿ, ಬೆಳಿಗ್ಗೆ ಪರಾಠ ಅಥವಾ ಬ್ರೆಡ್ಡು. ಗೋಧಿ ತಿಂದ ದಿನ ಹೊಟ್ಟೆ ಉಬ್ಬರಿಸುತ್ತದೆ, ಮರುದಿನ ತಲೆ ಮಂಕಾಗಿರುತ್ತದೆ ಎಂದು ನನಗೆ ಅನ್ನಿಸುತ್ತದೆ. ಸ್ನೇಹಿತೆಯೊಬ್ಬರ ಮಾತಿನಂತೆ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಇನ್ನೂರಕ್ಕೂ ಹೆಚ್ಚು ಆಹಾರಗಳಿಗೆ ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯವಿದೆಯೇ ಎಂದು ನೋಡುವ ಪರೀಕ್ಷೆ ಮಾಡಿಸಿದೆ. ಗೋಧಿ, ಹಾಲು, ಮೊಸರು, ತೊಗರಿಬೇಳೆ, ಕಡಲೆಕಾಯಿ, ಮೊಟ್ಟೆ, ತೆಂಗಿನಕಾಯಿ ಎಲ್ಲವೂ ಕೆಂಪು ಪಟ್ಟಿಯಲ್ಲಿ ಬಂದಿವೆ. ಇವನ್ನೆಲ್ಲ ಬಿಟ್ಟರೆ ನಾನು ಉಣ್ಣುವುದು ಏನನ್ನು? ನಾಳೆಯಿಂದಲೇ ಗೋಧಿ ನಿಲ್ಲಿಸೋಣವೆಂದುಕೊಂಡಿದ್ದೇನೆ. ತಿಳಿದವರು, ಅನುಭವವಿರುವವರು ದಯವಿಟ್ಟು ಹೇಳಿ.

ಶಿವಮೊಗ್ಗದ ವೈದ್ಯ

ದಯವಿಟ್ಟು ನಾಳೆಯಿಂದ ಗೋಧಿಯನ್ನು ನಿಲ್ಲಿಸಬೇಡಿ. ಈ ಒಂದು ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಲೇಬೇಕು, ಏಕೆಂದರೆ ನೀವು ವಿವರಿಸಿದ ಸ್ಥಿತಿಯಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯನ್ನು, ಮತ್ತು ಅದರ ರಕ್ತಪರೀಕ್ಷೆ ಸರಿಯಾದ ಉತ್ತರ ಕೊಡಬೇಕಾದರೆ ಪರೀಕ್ಷೆಗೆ ಮುಂಚಿನ ಕನಿಷ್ಠ ಆರು ವಾರ ದಿನವೂ ಗೋಧಿ ತಿನ್ನುತ್ತಿರಬೇಕು. ಗೋಧಿ ಬಿಟ್ಟು ಎರಡು ತಿಂಗಳಾದ ಮೇಲೆ ಪರೀಕ್ಷೆಗೆ ಬಂದವರಲ್ಲಿ ಪ್ರತಿಕಾಯಗಳ ಮಟ್ಟ ಇಳಿದುಹೋಗಿ, ಕಾಯಿಲೆ ಇದ್ದೂ ಇಲ್ಲವೆಂಬ ವರದಿ ಬರಬಹುದು. ಆಮೇಲೆ ಪರೀಕ್ಷೆಗೋಸ್ಕರ ಮತ್ತೆ ಗೋಧಿ ತಿನ್ನಲು ಹೇಳಿದರೆ ಅವರು ಒಪ್ಪುವುದು ಕಷ್ಟ. ಇದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಐಜಿಜಿ ಪರೀಕ್ಷೆಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಒಂದು ಆಹಾರಕ್ಕೆ ಐಜಿಜಿ ಪ್ರತಿಕಾಯ ಇದೆಯೆಂದರೆ ಆ ಆಹಾರವನ್ನು ನಿಮ್ಮ ದೇಹ ಕಂಡಿದೆ, ಅದರ ಪರಿಚಯ ಮಾಡಿಕೊಂಡಿದೆ ಎಂದಷ್ಟೇ ಅರ್ಥ. ಕೆಂಪು ಪಟ್ಟಿಯಲ್ಲಿ ನೀವು ದಿನವೂ ತಿನ್ನುವ ಪದಾರ್ಥಗಳೇ ಬಂದಿರುವುದನ್ನು ಗಮನಿಸಿ. ಆಹಾರ ಒಗ್ಗದಿರುವುದನ್ನು ಪತ್ತೆಮಾಡಲು ಈ ಪರೀಕ್ಷೆಯನ್ನು ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿ, ಕೆನಡಾದ ತಜ್ಞರ ಸಂಘ 2012ರಲ್ಲಿ ಹೇಳಿವೆ. ಆ ಪಟ್ಟಿಯನ್ನು ಪಕ್ಕಕ್ಕಿಡಿ.

ಜನ ಎಲ್ಲವನ್ನೂ ‘ಅಲರ್ಜಿ’ ಎಂದು ಕರೆಯುವುದರಿಂದ ಗೊಂದಲ ಹೆಚ್ಚುತ್ತದೆ. ಕಡಲೆಕಾಯಿ ಅಥವಾ ಸಿಗಡಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ಉಸಿರುಕಟ್ಟು ಬರುವುದು ಐಜಿಇ ಪ್ರತಿಕಾಯದಿಂದಾಗುವ ನಿಜವಾದ ಅಲರ್ಜಿ, ಅದು ಪ್ರಾಣಕ್ಕೂ ಎರವಾಗಬಹುದು. ಹಾಲಿನ ಸಕ್ಕರೆ ಜೀರ್ಣವಾಗದಿರುವುದು ಕಿಣ್ವದ ಕೊರತೆ, ಅದರಲ್ಲಿ ಪ್ರತಿಕಾಯದ ಪಾತ್ರವಿಲ್ಲ. ಸೀಲಿಯಾಕ್ ಇವೆರಡೂ ಅಲ್ಲ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ನೆಪದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಕೆಡವುವ ಕಾಯಿಲೆ ಅದು. ಒಳಪದರ ಸವೆದಾಗ ಕಬ್ಬಿಣ, ಫೋಲೇಟ್, ಕೆಲವರಲ್ಲಿ ಬಿ12 ಸರಿಯಾಗಿ ಹೀರಲ್ಪಡುವುದಿಲ್ಲ, ರಕ್ತಹೀನತೆ ಬರುತ್ತದೆ, ಏಕಾಗ್ರತೆ ಕುಗ್ಗುತ್ತದೆ. ಎಷ್ಟೋ ಜನರಿಗೆ ಭೇದಿಯೇ ಇರುವುದಿಲ್ಲ, ಆಯಾಸ ಮತ್ತು ಮಂಕು ಮಾತ್ರ ಇರುತ್ತವೆ.

ದಕ್ಷಿಣದವರಿಗೆ ಈ ಕಾಯಿಲೆ ಬರುವುದಿಲ್ಲವೆಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. 2016ರಲ್ಲಿ ಪ್ರಕಟವಾದ, 23,000ಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಅಧ್ಯಯನವೊಂದು ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಸೀಲಿಯಾಕ್‌ನ ಪ್ರಮಾಣ ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಇತ್ತು. ಆದರೆ ಕಾಯಿಲೆಗೆ ಅನುವು ಮಾಡಿಕೊಡುವ ವಂಶವಾಹಿ ಮೂರೂ ಕಡೆ ಸುಮಾರು ಮೂರರಲ್ಲಿ ಒಬ್ಬರಲ್ಲಿತ್ತು. ದಿನದ ಗೋಧಿಯ ಪ್ರಮಾಣ ಮಾತ್ರ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ ಆಗಿತ್ತು. ಹಾಸನದ ವಂಶವಾಹಿಯನ್ನು ಹೊತ್ತು ಗುರುಗ್ರಾಮದ ತಟ್ಟೆಯಲ್ಲಿ ಉಣ್ಣುತ್ತಿರುವವರಿಗೆ ಈ ಅಂಕಿಗಳು ಏನು ಹೇಳುತ್ತವೆಂದು ಯೋಚಿಸಿ.

ಟಿಟಿಜಿ-ಐಜಿಎ (ಸೀಲಿಯಾಕ್‌ನ ಪ್ರತಿಕಾಯ ನೋಡುವ ರಕ್ತಪರೀಕ್ಷೆ) ಮತ್ತು ಒಟ್ಟು ಐಜಿಎ ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಥೈರಾಯ್ಡ್, ಸಕ್ಕರೆ ಇವನ್ನೂ ನೋಡಿಸಿ. ಮಂಕಿಗೆ ಆಹಾರವೇ ಕಾರಣವೆಂದು ನಿರ್ಧರಿಸುವ ಮೊದಲು ಇವುಗಳನ್ನು ನೋಡದಿದ್ದರೆ ಅದು ತಪ್ಪಾಗುತ್ತದೆ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲು ಮೊಸರು ಕಡಿಮೆ ಬಳಸುವವರಲ್ಲಿ ಮತ್ತು ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ.

ಲೆಕ್ಕದ ಮೇಷ್ಟ್ರು, ಮೈಸೂರು

ವೈದ್ಯರ ಮಾತಿಗೆ ನನ್ನ ಸಹಮತವಿದೆ. ಆದರೆ ಸೀಲಿಯಾಕ್ ಇಲ್ಲದ ಜನರು ‘ಗೋಧಿ ಬಿಟ್ಟೆ, ಬುದ್ಧಿ ಚುರುಕಾಯಿತು’ ಎಂದು ಹೇಳುವಾಗ ಸ್ವಲ್ಪ ನಿಧಾನಿಸಬೇಕೆಂಬುದು ನನ್ನ ಅಭಿಪ್ರಾಯ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಅನುಭವ ನಿಜವೇ ಆಗಿದ್ದು, ಅದಕ್ಕೆ ಕೊಟ್ಟುಕೊಂಡ ಕಾರಣ ತಪ್ಪಾಗಿರುವ ಸಾಧ್ಯತೆ ಇಲ್ಲಿ ಬಹಳ ಹೆಚ್ಚು.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಒಂದೇ ತಂಡದ ಎರಡು ಅಧ್ಯಯನಗಳನ್ನು ನೋಡಿ. ಸೀಲಿಯಾಕ್ ಇಲ್ಲದವರಿಗೂ ಗ್ಲುಟೆನ್ ತೊಂದರೆ ಕೊಡುತ್ತದೆಂದು ಅವರು 2011ರಲ್ಲಿ ತೋರಿಸಿದರು. ಆದರೆ ಅಲ್ಲಿಗೇ ಸುಮ್ಮನಾಗಲಿಲ್ಲ. 2013ರಲ್ಲಿ, ಗೋಧಿ ತಮಗೆ ಆಗುವುದಿಲ್ಲವೆಂದು ಹೇಳಿಕೊಂಡ 37 ಮಂದಿಗೆ ಮೊದಲು ಎರಡು ವಾರ ಕರುಳಿನಲ್ಲಿ ಹುದುಗುವ ಸಕ್ಕರೆಗಳು ಕಡಿಮೆಯಿರುವ ಊಟ ಕೊಟ್ಟರು. ಅಷ್ಟರಿಂದಲೇ ಅವರೆಲ್ಲರಿಗೂ ಹಗುರವೆನಿಸಿತು. ಆಮೇಲೆ ಗುಟ್ಟಾಗಿ ಗ್ಲುಟೆನ್ ಬೆರೆಸಿ ಕೊಟ್ಟಾಗಲೂ, ಬೆರೆಸದೆ ಕೊಟ್ಟಾಗಲೂ ಗ್ಲುಟೆನ್ನಿನಿಂದಲೇ ಆಯಿತೆನ್ನುವಂಥ ವ್ಯತ್ಯಾಸ ಕಾಣಲಿಲ್ಲ. ತಮ್ಮದೇ ಹಿಂದಿನ ಮಾತನ್ನು ತಾವೇ ಮರುಪರೀಕ್ಷಿಸಿ ತಿದ್ದಿಕೊಂಡ ಆ ತಂಡದ ಬಗ್ಗೆ ನನಗೆ ಅಪಾರ ಗೌರವವಿದೆ. 2018ರಲ್ಲಿ ನಾರ್ವೆಯ ಓಸ್ಲೋದಲ್ಲಿ ಇಂಥದ್ದೇ 59 ಮಂದಿಗೆ ಗ್ಲುಟೆನ್ ಇರುವ ತಿನಿಸು, ಫ್ರಕ್ಟಾನ್ ಎಂಬ ಸಕ್ಕರೆಸರಪಳಿ ಇರುವ ತಿನಿಸು, ಎರಡೂ ಇಲ್ಲದ ತಿನಿಸು ಹೀಗೆ ಮೂರನ್ನು ವಾರಕ್ಕೊಂದರಂತೆ, ಯಾವುದು ಯಾವುದೆಂದು ತಿಳಿಸದೆ ಕೊಟ್ಟರು. ಅತಿ ಹೆಚ್ಚು ತೊಂದರೆ 24 ಜನರಿಗೆ ಫ್ರಕ್ಟಾನ್‌ನಿಂದ, 13 ಜನರಿಗೆ ಗ್ಲುಟೆನ್‌ನಿಂದ, 22 ಜನರಿಗೆ ಎರಡೂ ಇಲ್ಲದ ತಿನಿಸಿನಿಂದ ಆಯಿತು. ಈ 22ನ್ನು ಮರೆಯಬಾರದು. ತೊಂದರೆಯಾಗುತ್ತದೆಂಬ ನಿರೀಕ್ಷೆಯೇ ತೊಂದರೆಯನ್ನು ತರಬಲ್ಲದು, ಮತ್ತು ಹಾಗೆ ಬಂದ ತೊಂದರೆ ಅನುಭವಿಸುವವರ ಪಾಲಿಗೆ ಸಂಪೂರ್ಣ ನಿಜ.

ಫ್ರಕ್ಟಾನ್ ಗೋಧಿಯಲ್ಲಿದೆ, ಅಂತೆಯೇ ಈರುಳ್ಳಿ ಬೆಳ್ಳುಳ್ಳಿಗಳಲ್ಲೂ ಇದೆ. ಹಾಗಾದರೆ ಚಪಾತಿಯನ್ನು ದೂರುವವರು ಅದರ ಜೊತೆಗಿದ್ದ ಈರುಳ್ಳಿಯ ಪಲ್ಯವನ್ನು ಏಕೆ ಬಿಟ್ಟುಬಿಡುತ್ತಾರೆ?

ಇನ್ನೊಂದು ಮಾತು. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವಿನ ತೂಕಡಿಕೆ ದೇಹದ ದಿನಚಕ್ರದಲ್ಲೇ ಇದೆ, ಊಟ ಮಾಡದವರಿಗೂ ಅದು ಬರುತ್ತದೆ. ದೊಡ್ಡ ತಟ್ಟೆಯ ಅನ್ನವೋ ಎರಡು ಮುದ್ದೆಯೋ ಅದನ್ನು ಇನ್ನಷ್ಟು ಆಳವಾಗಿಸುತ್ತವೆ, ಅಷ್ಟೆ. ಅದನ್ನು ಆಹಾರ ಒಗ್ಗದಿರುವಿಕೆಯ ಲೆಕ್ಕಕ್ಕೆ ಸೇರಿಸಬಾರದು.

ಕಲ್ಸಂಕದ ಓದುಗ, ಉಡುಪಿ

ಮೇಷ್ಟ್ರೇ, ಊಟದಿಂದ ಒಂದೊಂದನ್ನೇ ತೆಗೆದು ನೋಡುವ ಕ್ರಮ ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ನಡೆಯುತ್ತಿದೆ. ಯಾರೂ ಅದನ್ನು ಆ ಕಣ್ಣಿನಿಂದ ನೋಡಿರಲಿಲ್ಲ, ಅಷ್ಟೆ. ಚಾತುರ್ಮಾಸ್ಯದ ನಾಲ್ಕು ತಿಂಗಳು ಉಡುಪಿಯ ಮಠಗಳಲ್ಲಿಯೂ ಆಚರಣೆಯಿರುವ ಮನೆಗಳಲ್ಲಿಯೂ ನಾಲ್ಕು ವ್ರತಗಳು ನಡೆಯುತ್ತವೆ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲು ಇಲ್ಲ, ಆದರೆ ಮೊಸರು ಉಂಟು. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳು ಇಲ್ಲ. ಇದರ ಉದ್ದೇಶ ಆರೋಗ್ಯವೆಂದು ನಾನು ಹೇಳುವುದಿಲ್ಲ, ವ್ರತಕ್ಕೆ ಅದರದೇ ಆದ ಅರ್ಥವಿದೆ. ಆದರೆ ತಿಂಗಳಿಗೊಂದರಂತೆ ಒಂದೇ ಬಗೆಯ ಆಹಾರ ಹೊರಗೆ ಹೋಗಿ ಮತ್ತೆ ಒಳಗೆ ಬರುವುದನ್ನು ವರ್ಷವರ್ಷವೂ ನೋಡುವ ಅವಕಾಶ ನಮಗಿದೆ.

ನನ್ನ ತಾಯಿಗೆ ಎಪ್ಪತ್ತೊಂದು ವರ್ಷ. ಕೆಲವು ವರ್ಷಗಳಿಂದ ಬೆಳಗಿನ ಸ್ತೋತ್ರಪಾಠದಲ್ಲಿ ಸಾಲು ತಪ್ಪುತ್ತಿದ್ದರು. ಬಾಲ್ಯದಿಂದ ಬಾಯಿಪಾಠವಿದ್ದದ್ದು ನಡುವೆ ಕೈಕೊಟ್ಟಾಗ ಅವರು ಸುಮ್ಮನೆ ಕುಳಿತುಬಿಡುತ್ತಿದ್ದರು. ಮರೆವಿನ ಕಾಯಿಲೆ ಶುರುವಾಯಿತೇನೋ ಎಂದು ನಾವೆಲ್ಲ ಒಳಗೊಳಗೇ ಹೆದರಿದ್ದೆವು. ಹೋದ ವರ್ಷ ಕ್ಷೀರವ್ರತದ ಎರಡನೆಯ ವಾರದಿಂದ ಪಾಠ ಸರಾಗವಾಯಿತು, ವ್ರತ ಮುಗಿದು ಹತ್ತು ದಿನಕ್ಕೆ ಮತ್ತೆ ತಪ್ಪತೊಡಗಿತು. ಆಗ ನನಗೆ ಹಾಲಿನ ಮೇಲೆ ಅನುಮಾನ ಹುಟ್ಟಿತು.

ಲೆಕ್ಕದ ಮೇಷ್ಟ್ರು, ಮೈಸೂರು

ನಿಮ್ಮ ತಾಯಿಯವರ ವಿಚಾರ ಓದಿ ಮನಸ್ಸು ಕಲಕಿತು. ಒಂದು ಪ್ರಶ್ನೆ ಕೇಳಬಹುದೇ? ಹಾಲು ನಿಂತಾಗ ಕಾಫಿಯೂ ನಿಂತಿತೇ? ಕೆಫೀನ್ ತಟ್ಟನೆ ಬಿಟ್ಟರೆ ಒಂದು ದಿನದೊಳಗೆ ತಲೆನೋವು, ಮಂಕು ಶುರುವಾಗಿ ಒಂದು ವಾರದವರೆಗೂ ಇರಬಹುದು. ಆಹಾರ ಬದಲಿಸಿದ ಮೊದಲ ವಾರದ ಅನುಭವವನ್ನು ಇದು ಪೂರ್ತಿ ಕಲಸಿಹಾಕುತ್ತದೆ. ಮತ್ತೆ, ಅವರಿಗೆ ಹಾಲು ಬಿಟ್ಟದ್ದು ತಿಳಿದೇ ಇತ್ತಲ್ಲ?

ಕಲ್ಸಂಕದ ಓದುಗ, ಉಡುಪಿ

ತಮ್ಮ ಎರಡೂ ಪ್ರಶ್ನೆಗಳು ಸರಿಯಾಗಿವೆ. ಕಾಫಿ ನಿಂತಿತ್ತು, ಮೊದಲ ಮೂರು ದಿನ ಅಮ್ಮ ತಲೆ ಕಟ್ಟಿಕೊಂಡು ಮಲಗಿದ್ದರು. ಹಾಗಾಗಿಯೇ ನಾನು ಎರಡನೆಯ ವಾರದಿಂದ ಎಂದು ಬರೆದೆ.

ತಿಳಿಯದಂತೆ ಪರೀಕ್ಷಿಸುವ ಕೆಲಸವನ್ನು ನನ್ನ ಅತ್ತಿಗೆ ಮಾಡಿದರು. ಅಮ್ಮನಿಗೆ ರಾತ್ರಿ ಮಲಗುವ ಮುಂಚೆ ಒಂದು ದೊಡ್ಡ ಲೋಟ ಹಾಲು ಕುಡಿಯುವ ರೂಢಿ. ಅಂಗಡಿಯಲ್ಲಿ ಈಗ ಲ್ಯಾಕ್ಟೋಸ್ ಇಲ್ಲದ ಹಾಲು ಸಿಗುತ್ತದೆ. ಅಮ್ಮನ ಒಪ್ಪಿಗೆ ಪಡೆದು, ಹದಿನಾಲ್ಕು ರಾತ್ರಿ ಚೀಟಿ ಎತ್ತಿ, ಏಳು ರಾತ್ರಿ ಸಾಮಾನ್ಯ ಹಾಲು, ಏಳು ರಾತ್ರಿ ಆ ಹಾಲು ಕೊಟ್ಟರು. ಯಾವ ರಾತ್ರಿ ಯಾವುದೆಂದು ಅಮ್ಮನಿಗಾಗಲಿ ನನಗಾಗಲಿ ಗೊತ್ತಿರಲಿಲ್ಲ. ಮೊದಲ ದಿನವೇ ಒಂದು ತೊಡಕು ಎದುರಾಯಿತು. ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆದಿರುವುದರಿಂದ ಆ ಹಾಲು ಹೆಚ್ಚು ಸಿಹಿಯಾಗಿರುತ್ತದೆ, ಅಮ್ಮ ಕುಡಿದ ಕೂಡಲೇ ಗುರುತು ಹಿಡಿದರು. ಆ ದಿನವನ್ನು ಬಿಟ್ಟು, ಸಾಮಾನ್ಯ ಹಾಲಿಗೆ ಒಂದಿಷ್ಟು ಸಕ್ಕರೆ, ಎರಡಕ್ಕೂ ಏಲಕ್ಕಿ ಹಾಕಿ ಮತ್ತೆ ಮೊದಲಿನಿಂದ ಶುರುಮಾಡಿದೆವು.

ಸಾಮಾನ್ಯ ಹಾಲು ಕುಡಿದ ಏಳು ರಾತ್ರಿಗಳಲ್ಲಿ ಆರು ಸಲ ಅವರು ಹೊಟ್ಟೆ ಬಿಗಿದು ಎರಡು ಗಂಟೆಯ ಸುಮಾರಿಗೆ ಎದ್ದಿದ್ದರು. ಇನ್ನೊಂದು ಹಾಲಿನ ಏಳು ರಾತ್ರಿಗಳಲ್ಲಿ ಎದ್ದದ್ದು ಎರಡು ಸಲ. ಸಾಲು ತಪ್ಪಿದ ಬೆಳಗುಗಳನ್ನು ನಾನು ಗುರುತು ಹಾಕಿಕೊಂಡಿದ್ದೆ. ಎದ್ದ ರಾತ್ರಿಯ ಮರುದಿನ ಹೆಚ್ಚುಕಡಿಮೆ ಪ್ರತಿ ಸಲವೂ ತಪ್ಪಿತ್ತು, ಕುಡಿದದ್ದು ಯಾವ ಹಾಲೇ ಆಗಿರಲಿ. ನನಗೆ ಅರ್ಥವಾದದ್ದು ಇಷ್ಟು: ಹಾಲು ಅವರ ತಲೆಗೆ ನೇರವಾಗಿ ಏನೂ ಮಾಡುತ್ತಿರಲಿಲ್ಲ. ಅದು ಕರುಳನ್ನು ಕೆಡಿಸಿತು, ಕರುಳು ನಿದ್ದೆಯನ್ನು ಕೆಡಿಸಿತು, ನಿದ್ದೆ ನೆನಪನ್ನು ಕೆಡಿಸಿತು. ಒಂದೇ ಮನೆಯ ಹದಿನಾಲ್ಕು ರಾತ್ರಿಗಳಿಂದ ಬೇರೆಯವರಿಗೆ ನಿಯಮ ಹೇಳಲು ಬರುವುದಿಲ್ಲವೆಂದು ನನಗೆ ಗೊತ್ತು. ಆದರೆ ಅಮ್ಮನ ಮುಖದ ಭಯ ಹೋಯಿತು. ರಾತ್ರಿಯ ಹಾಲು ನಿಲ್ಲಿಸಿದ್ದೇವೆ, ಮೊಸರು ಹಾಗೇ ಇದೆ.

ಶಿವಮೊಗ್ಗದ ವೈದ್ಯ

ಓದುಗರೇ, ನೀವು ಮತ್ತು ನಿಮ್ಮ ಅತ್ತಿಗೆಯವರು ಮಾಡಿದ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ. ಲ್ಯಾಕ್ಟೋಸ್ ಒಡೆಯುವ ಕಿಣ್ವ ಬಾಲ್ಯದ ನಂತರ ಕುಗ್ಗುವುದು ನಮ್ಮ ಕಡೆ ಬಹುಪಾಲು ಜನರಲ್ಲಿ ಸಹಜ. 1981ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೆಹಲಿಯವರಲ್ಲಿ ನೂರಕ್ಕೆ 27ರಷ್ಟು, ತಿರುವನಂತಪುರ ಮತ್ತು ಪುದುಚೇರಿಯವರಲ್ಲಿ ನೂರಕ್ಕೆ 66ರಷ್ಟು ಮಂದಿಗೆ ಲ್ಯಾಕ್ಟೋಸ್ ಸರಿಯಾಗಿ ಜೀರ್ಣವಾಗುತ್ತಿರಲಿಲ್ಲ. ಮೊಸರಿನಲ್ಲಿ ಸ್ವಲ್ಪ ಲ್ಯಾಕ್ಟೋಸನ್ನು ಹೆಪ್ಪಿನ ಬ್ಯಾಕ್ಟೀರಿಯಾ ಮೊದಲೇ ಬಳಸಿಕೊಂಡಿರುತ್ತವೆ, ಉಳಿದದ್ದನ್ನು ಒಡೆಯಲು ಕರುಳಿನಲ್ಲೂ ನೆರವಾಗುತ್ತವೆ. ಆದ್ದರಿಂದ ಹಾಲು ಆಗದವರಿಗೂ ಮೊಸರು ಆಗುತ್ತದೆ. ಆದರೆ ಎಪ್ಪತ್ತು ದಾಟಿದವರಲ್ಲಿ ನೆನಪಿನ ತೊಂದರೆ ಕಂಡರೆ ಮನೆಯ ಪ್ರಯೋಗದ ಜೊತೆಗೆ ವೈದ್ಯರ ತಪಾಸಣೆಯೂ ಆಗಲಿ, ಬಿ12 ತಪ್ಪದೆ ನೋಡಿಸಿ.

ಮೆಲ್ಬರ್ನ್ ಕನ್ನಡತಿ

ನಾನು ಇಲ್ಲಿ ಆಹಾರತಜ್ಞೆಯಾಗಿ ಕೆಲಸ ಮಾಡುತ್ತೇನೆ. ಮೇಷ್ಟ್ರು ಹೇಳಿದ ಹುದುಗುವ ಸಕ್ಕರೆಗಳ ಗುಂಪಿಗೆ ಫಾಡ್‌ಮ್ಯಾಪ್ ಎಂದು ಹೆಸರು. ಮೊನಾಶ್ ತಂಡ ರೂಪಿಸಿದ ಈ ಪಥ್ಯವನ್ನು ನಮ್ಮವರು ತಪ್ಪಾಗಿ ಅನುಸರಿಸುವುದನ್ನು ದಿನವೂ ಕಾಣುತ್ತೇನೆ. ಇದು ಜೀವನಪರ್ಯಂತದ ಪಥ್ಯವಲ್ಲ. ಎರಡರಿಂದ ಆರು ವಾರ ಎಲ್ಲವನ್ನೂ ಕಡಿಮೆ ಮಾಡಿ, ನಂತರ ಒಂದೊಂದನ್ನೇ ಮೂರು ದಿನ ಹೆಚ್ಚುತ್ತಾ ಹೋಗುವ ಪ್ರಮಾಣದಲ್ಲಿ ತಿಂದು ನೋಡಿ, ಆಗುವುದನ್ನೆಲ್ಲ ಮತ್ತೆ ತಟ್ಟೆಗೆ ತರಬೇಕು. ಮೊದಲ ಹಂತದಲ್ಲೇ ನಿಂತುಬಿಟ್ಟವರು ಸೊರಗುತ್ತಾರೆ, ಊಟವೆಂದರೆ ಹೆದರುವ ಸ್ಥಿತಿಗೆ ಬರುತ್ತಾರೆ.

ನಮ್ಮ ಅಡುಗೆಮನೆಯಲ್ಲಿ ಈ ಸಕ್ಕರೆಗಳು ಹೆಚ್ಚಿರುವುದು ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಕಡಲೆ, ರಾಜ್ಮಾ, ತೊಗರಿ, ಹೂಕೋಸು, ಮಾಗಿದ ಮಾವು ಮತ್ತು ಹಾಲಿನಲ್ಲಿ. ಅಕ್ಕಿ ನಿರಾತಂಕ. ಬೇಳೆಕಾಳನ್ನು ನೆನೆಸಿ ಆ ನೀರನ್ನು ಚೆಲ್ಲಿ ಬೇಯಿಸಿದರೆ ಸಾಕಷ್ಟು ಅಂಶ ಹೋಗುತ್ತದೆ. ಬೆಳ್ಳುಳ್ಳಿಯ ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಒಗ್ಗರಣೆಯ ಎಣ್ಣೆಯಲ್ಲಿ ಇಡೀ ಎಸಳನ್ನು ಕೆಂಪಗೆ ಹುರಿದು ತೆಗೆದುಹಾಕಿದರೆ ಪರಿಮಳ ಉಳಿಯುತ್ತದೆ, ತೊಂದರೆ ಉಳಿಯುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಇಂಗು, ಜೀರಿಗೆ, ಮೆಣಸಿನಿಂದಲೇ ರುಚಿ ಕಟ್ಟುವ ಅಡುಗೆ ನಮ್ಮಲ್ಲಿ ಮೊದಲೇ ಇದೆಯಲ್ಲ, ಓದುಗರ ಉಡುಪಿಯನ್ನೇ ನೋಡಿ.

ಇಂಗಿನ ವಿಷಯ ಬಂದದ್ದರಿಂದ ಒಂದು ಮುಖ್ಯ ಎಚ್ಚರಿಕೆ. ಅಂಗಡಿಯ ಡಬ್ಬದ ಇಂಗು ಬರೀ ಇಂಗಲ್ಲ, ಅಂಟಿನ ಜೊತೆ ಮೈದಾ ಅಥವಾ ಅಕ್ಕಿಹಿಟ್ಟು ಬೆರೆಸಿರುತ್ತಾರೆ. ಹೇಮಾವತಿ ತೀರದವರಿಗೆ ಸೀಲಿಯಾಕ್ ಇರುವುದು ನಿಶ್ಚಯವಾದರೆ ಮೈದಾ ಬೆರೆಸಿದ ಇಂಗೂ ಅವರಿಗೆ ವರ್ಜ್ಯ. ಆದರೆ ವೈದ್ಯರು ಹೇಳಿದಂತೆ ರಕ್ತಪರೀಕ್ಷೆಯಾಗುವವರೆಗೆ ಫಾಡ್‌ಮ್ಯಾಪ್ ಪಥ್ಯವನ್ನೂ ಶುರುಮಾಡಬೇಡಿ, ಅದರಲ್ಲೂ ಗೋಧಿ ನಿಲ್ಲುತ್ತದೆ.

ಹುಬ್ಬಳ್ಳಿಯ ಅಮ್ಮ

ನನ್ನ ಮಗನಿಗೆ ಎಂಟು ವರ್ಷ. ಬಣ್ಣದ ಮಿಠಾಯಿ, ಬಣ್ಣದ ಪಾನಕ ಕೊಟ್ಟ ದಿನ ಅವನ ಗಮನ ಎಲ್ಲಿಯೂ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಯ ಕೃತಕ ಬಣ್ಣವನ್ನು, ಬಾಂಬೆ ಮಿಠಾಯಿಯ ರೋಡಮೈನ್-ಬಿಯನ್ನು ನಿಷೇಧಿಸಿದರಲ್ಲ, ಅದು ಇದೇ ಕಾರಣಕ್ಕೇ?

ಮೆಲ್ಬರ್ನ್ ಕನ್ನಡತಿ

ಅಲ್ಲ, ಅಮ್ಮ. ರೋಡಮೈನ್-ಬಿ ತಿನ್ನಲು ಯೋಗ್ಯವೇ ಅಲ್ಲದ ಬಣ್ಣ, ಅದು ಬೇರೆ ವಿಷಯ. ನೀವು ಹೇಳುತ್ತಿರುವುದಕ್ಕೆ ಹತ್ತಿರವಾದದ್ದು ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ. ಮೂರು ವರ್ಷದ ಮತ್ತು ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಕೃತಕ ಬಣ್ಣಗಳ ಮಿಶ್ರಣವನ್ನು ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕದ ಜೊತೆ ಪಾನಕದಲ್ಲಿ ಕೊಟ್ಟಾಗ ಚಂಚಲತೆ ಸರಾಸರಿಯಲ್ಲಿ ಸ್ವಲ್ಪ ಹೆಚ್ಚಿತು, ಆದರೆ ಮಗುವಿನಿಂದ ಮಗುವಿಗೆ ವ್ಯತ್ಯಾಸ ದೊಡ್ಡದಿತ್ತು. 2010ರ ಜುಲೈನಿಂದ ಯುರೋಪಿನಲ್ಲಿ ಆ ಬಣ್ಣಗಳಿರುವ ತಿನಿಸಿನ ಮೇಲೆ ಮಕ್ಕಳ ಗಮನದ ಬಗ್ಗೆ ಎಚ್ಚರಿಕೆ ಮುದ್ರಿಸಬೇಕು. ಬಣ್ಣ ಬಿಡುವುದರಿಂದ ಮಗುವಿಗೆ ಯಾವ ಪೋಷಕಾಂಶವೂ ತಪ್ಪುವುದಿಲ್ಲವಾದ್ದರಿಂದ ಧೈರ್ಯವಾಗಿ ಬಿಡಿಸಿ. ಹಾಲು, ಗೋಧಿ, ಮೊಟ್ಟೆಗಳನ್ನು ಮಾತ್ರ ಯಾರನ್ನೂ ಕೇಳದೆ ಮಗುವಿನ ತಟ್ಟೆಯಿಂದ ತೆಗೆಯಬೇಡಿ.

ಪಾವಗಡದ ಬೆಳೆಗಾರ

ಗೋಧಿ ಬಿಟ್ಟವರು ಸಿರಿಧಾನ್ಯಕ್ಕೆ ಬರುತ್ತಾರೆ, ಅದು ನಮಗೆ ಸಂತೋಷ. ಒಂದು ಮಾತನ್ನು ಬೆಳೆಯುವವನಾಗಿ ಹೇಳಬೇಕು. ಹಾರಕ ಉಂಡರೆ ಅಮಲೇರುತ್ತದೆ, ತಲೆ ಸುತ್ತುತ್ತದೆ ಎಂದು ಹಿರಿಯರು ಹೇಳುತ್ತಿದ್ದದ್ದು ಸುಳ್ಳಲ್ಲ. ಅದು ಕಾಳಿನ ದೋಷವಲ್ಲ. ಕಟಾವಿನ ಹೊತ್ತಿಗೆ ಮಳೆ ಹಿಡಿದು ತೇವವಾದ ಹಾರಕದ ಮೇಲೆ ಬೂಷ್ಟು ಬೆಳೆದು ಸೈಕ್ಲೊಪಿಯಜೋನಿಕ್ ಆಮ್ಲವೆಂಬ ವಿಷ ಸೇರುತ್ತದೆ. 2024ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹತ್ತು ಆನೆಗಳು ಸತ್ತಾಗ ಇದೇ ವಿಷದ ಹೆಸರು ಬಂತು. ಹಾರಕ ತಿಂದು ಮಂಕಾದವರು ತಮಗೆ ಸಿರಿಧಾನ್ಯವೇ ಒಗ್ಗುವುದಿಲ್ಲವೆಂದು ತೀರ್ಮಾನಿಸುವ ಮುಂಚೆ ಚೀಲದ ವಾಸನೆ ನೋಡಿ. ಮುಗ್ಗಲು ವಾಸನೆಯಿದ್ದರೆ ದನಕ್ಕೂ ಹಾಕಬೇಡಿ.

ಹೇಮಾವತಿ ತೀರದವಳು (ನಾಲ್ಕು ತಿಂಗಳ ನಂತರ)

ಎಲ್ಲರಿಗೂ ನಾನು ಋಣಿ. ವೈದ್ಯರು ಹೇಳಿದಂತೆ ಗೋಧಿ ತಿನ್ನುತ್ತಲೇ ಪರೀಕ್ಷೆ ಮಾಡಿಸಿದೆ. ಟಿಟಿಜಿ-ಐಜಿಎ ಮಿತಿಗಿಂತ ಹತ್ತು ಪಟ್ಟಿಗೂ ಹೆಚ್ಚಿತ್ತು. ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡಿ ಸೀಲಿಯಾಕ್ ಎಂದು ಖಚಿತಪಡಿಸಿದರು. ಹಿಮೋಗ್ಲೋಬಿನ್ 9.4, ಫೆರಿಟಿನ್ 6 ಇತ್ತು, ಎರಡೂ ಕಡಿಮೆ. ಥೈರಾಯ್ಡ್ ಸರಿಯಾಗಿದೆ. ಅಂದು ಇಲ್ಲಿ ಕೇಳದೆ ಗೋಧಿ ಬಿಟ್ಟಿದ್ದರೆ ಇದ್ಯಾವುದೂ ತಿಳಿಯುತ್ತಿರಲಿಲ್ಲವೆಂದು ನೆನೆದಾಗ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಗೋಧಿ ಪೂರ್ತಿ ನಿಂತು ಮೂರು ತಿಂಗಳಾಯಿತು. ‘ಗೋಧಿ ಬಿಡು’ ಎಂಬ ಎರಡು ಪದಗಳಲ್ಲಿ ಎಷ್ಟೊಂದು ಅಡಗಿದೆಯೆಂದು ಬಿಟ್ಟ ಮೇಲೆಯೇ ತಿಳಿದದ್ದು. ರವೆ, ಶಾವಿಗೆ, ಮೈದಾ ಗೊತ್ತಿದ್ದವು. ಹೋಟೆಲಿನ ದೋಸೆಯ ಹಿಟ್ಟಿಗೆ ರವೆ ಸೇರಿಸುವುದು, ಕೆಲವು ಕಂಪನಿಗಳ ಮಸಾಲೆಪುಡಿಗೆ ಹಿಟ್ಟು ಬೆರೆಸುವುದು, ಮಾಲ್ಟ್ ಎಂದರೆ ಬಾರ್ಲಿ ಎನ್ನುವುದು ಗೊತ್ತಿರಲಿಲ್ಲ. ಹಾಸನದಿಂದ ರಾಗಿ ತರಿಸಿ ಇಲ್ಲಿಯ ಗಿರಣಿಗೆ ಕೊಟ್ಟಿದ್ದೆ. ಒಂದು ದಿನ ನಾನೇ ನಿಂತು ನೋಡಿದಾಗ, ನನ್ನ ರಾಗಿಗಿಂತ ಮುಂಚೆ ಅದೇ ಕಲ್ಲಿನಲ್ಲಿ ಇಪ್ಪತ್ತು ಕಿಲೋ ಗೋಧಿ ಬೀಸಿದ್ದರು. ಆ ದಿನವೇ ಮನೆಗೆ ಸಣ್ಣ ಹಿಟ್ಟಿನ ಯಂತ್ರ ತಂದೆವು. ಅಕ್ಕಿಹಿಟ್ಟು ಬೆರೆಸಿದ ಇಂಗು ಸಿಕ್ಕಿದೆ, ಮೆಲ್ಬರ್ನ್ ಅಕ್ಕನಿಗೆ ವಿಶೇಷ ಧನ್ಯವಾದ. ಹಬ್ಬಕ್ಕೆ ಒಬ್ಬಟ್ಟಿನ ಕಣಕವನ್ನು ಅಕ್ಕಿಹಿಟ್ಟಿನಲ್ಲಿ ಮಾಡಲು ಹೋಗಿ ಒಡೆದುಹೋಯಿತು, ಬದಲಿಗೆ ಕಜ್ಜಾಯ ಮಾಡಿದೆ, ಅದು ಮೊದಲಿನಿಂದಲೂ ಅಕ್ಕಿ ಬೆಲ್ಲದ್ದೇ.

ಮೇಷ್ಟ್ರು ಎಲ್ಲವನ್ನೂ ಗುರುತು ಹಾಕಿ ನೋಡುವವರಾದ್ದರಿಂದ ನಾನೂ ಲೆಕ್ಕ ಇಟ್ಟಿದ್ದೇನೆ. ತಿದ್ದುವವರಿಂದ ಮರಳಿ ಬರುವ ತಪ್ಪುಗಳು ಮೊದಲು ಹತ್ತು ಪುಟಕ್ಕೆ ಸರಾಸರಿ ಹನ್ನೊಂದು ಇದ್ದವು, ಈಗ ನಾಲ್ಕು. ಮೊದಲ ತಿಂಗಳು ಏನೂ ಬದಲಾಗಲಿಲ್ಲ, ಇದನ್ನು ಹೊಸದಾಗಿ ಶುರುಮಾಡುವವರಿಗೆ ಹೇಳಲೇಬೇಕು. ಹಾಲು ಇನ್ನೂ ಆಗುತ್ತಿಲ್ಲ.

ಶಿವಮೊಗ್ಗದ ವೈದ್ಯ

ಹಾಲಿನ ಬಗ್ಗೆ ಚಿಂತಿಸಬೇಡಿ. ಲ್ಯಾಕ್ಟೋಸ್ ಒಡೆಯುವ ಕಿಣ್ವ ಇರುವುದು ಕರುಳಿನ ಅದೇ ಸವೆದ ಒಳಪದರದ ತುದಿಯಲ್ಲಿ. ಪದರ ಮತ್ತೆ ಬೆಳೆದಂತೆ ಹಾಲು ಕೂಡ ಸ್ವಲ್ಪ ಸ್ವಲ್ಪವಾಗಿ ಒಗ್ಗಬಹುದು, ಅಲ್ಲಿಯವರೆಗೆ ಮೊಸರು, ಮಜ್ಜಿಗೆ ಸಾಕು. ಮಂಕು ನಿಧಾನವಾಗಿ ಇಳಿಯುವುದೂ ನಿರೀಕ್ಷಿತವೇ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಸಣ್ಣ ಅಧ್ಯಯನದಲ್ಲಿ, ಹೊಸದಾಗಿ ಸೀಲಿಯಾಕ್ ಪತ್ತೆಯಾದ 11 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿದರು. ಗಮನ, ನೆನಪು, ಮಾತಿನ ಸರಾಗತೆಯ ಪರೀಕ್ಷೆಗಳಲ್ಲಿ ಅವರ ಸುಧಾರಣೆ ಕರುಳಿನ ವಾಸಿಯ ಜೊತೆಜೊತೆಗೇ ಸಾಗಿತ್ತು.

ಲೆಕ್ಕದ ಮೇಷ್ಟ್ರು, ಮೈಸೂರು

ಹನ್ನೊಂದರಿಂದ ನಾಲ್ಕಕ್ಕೆ ಇಳಿದದ್ದು ಓದಿ ನನಗಾದ ಸಂತೋಷವನ್ನು ಹೇಗೆ ಬರೆಯಲಿ! ಆದರೂ ಕೇಳುತ್ತೇನೆ, ನೀವು ಕಬ್ಬಿಣದ ಮಾತ್ರೆಯನ್ನೂ ಅದೇ ಸಮಯದಲ್ಲಿ ಶುರುಮಾಡಿದ್ದೀರಲ್ಲವೇ? ಮಂಕು ಕಳೆದದ್ದು ಗೋಧಿ ಬಿಟ್ಟದ್ದರಿಂದಲೋ, ಕಬ್ಬಿಣ ತುಂಬಿದ್ದರಿಂದಲೋ ಎಂದು ಈ ಅಂಕಿಗಳಿಂದ ಬಿಡಿಸಲು ಬರುವುದಿಲ್ಲ.

ಇನ್ನೊಂದು ಸಂಗತಿ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಗುರುತಿಸಿದವರು ನೆದರ್ಲೆಂಡ್ಸ್‌ನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್. ಗೋಧಿಯಿಲ್ಲದ ಊಟದ ಬಗ್ಗೆ ಅವರು 1941ರಲ್ಲೇ ಬರೆದಿದ್ದರು. 1944-45ರ ಬರಗಾಲದ ಚಳಿಗಾಲದಲ್ಲಿ ಬ್ರೆಡ್ಡೇ ಸಿಗದಿದ್ದಾಗ ಆ ಮಕ್ಕಳು ಚೇತರಿಸಿಕೊಂಡದ್ದನ್ನು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಕುಸಿದದ್ದನ್ನು ಅವರು ಕಂಡರು. ಊರೇ ಹಸಿದಿದ್ದ ಹೊತ್ತಿನಲ್ಲಿ ಕೆಲವು ಮಕ್ಕಳು ಮಾತ್ರ ಚೇತರಿಸಿಕೊಂಡದ್ದನ್ನು ಗಮನಿಸಿದ ಆ ಕಣ್ಣನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಹೇಮಾವತಿ ತೀರದವಳು

ಹೌದು ಮೇಷ್ಟ್ರೇ, ಎರಡನ್ನೂ ಒಟ್ಟಿಗೇ ಶುರುಮಾಡಿದೆ. ಬೇರ್ಪಡಿಸಿ ನೋಡುವಷ್ಟು ದಿನ ಆ ಮಂಕಿನಲ್ಲಿ ಕಾಯುವ ಶಕ್ತಿ ನನಗಿರಲಿಲ್ಲ. ಕರುಳು ಸವೆದದ್ದರಿಂದಲೇ ಕಬ್ಬಿಣ ಇಳಿದದ್ದೆಂದು ಇಲ್ಲಿಯ ವೈದ್ಯರು ಹೇಳಿದರು, ನನಗೆ ಸದ್ಯಕ್ಕೆ ಅಷ್ಟು ಸಾಕು.

ಶಿವಮೊಗ್ಗದ ವೈದ್ಯ

ನಿಮ್ಮ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಿಗೂ ಒಮ್ಮೆ ಟಿಟಿಜಿ-ಐಜಿಎ ಪರೀಕ್ಷೆ ಮಾಡಿಸಿ. ರಕ್ತಸಂಬಂಧಿಗಳಲ್ಲಿ ಈ ಕಾಯಿಲೆಯ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು. ಅವರು ಹಾಸನದಲ್ಲೇ ಇದ್ದು ಗೋಧಿ ಕಡಿಮೆ ತಿನ್ನುವವರಾದರೆ, ಪರೀಕ್ಷೆಗೆ ಮೊದಲು ಆ ವಿಷಯವನ್ನು ತಮ್ಮ ವೈದ್ಯರಿಗೆ ತಪ್ಪದೆ ತಿಳಿಸಲಿ.

ಹೇಮಾವತಿ ತೀರದವಳು

ತಂಗಿಗೆ ಎರಡು ವರ್ಷದಿಂದ ರಕ್ತಹೀನತೆ ಇದೆ, ಎಷ್ಟು ಮಾತ್ರೆ ನುಂಗಿದರೂ ಏರುತ್ತಿಲ್ಲ. ಮಗುವಿನ ಕೆಲಸದಿಂದ ಸುಸ್ತು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳಿದ್ದೆ. ನಿನ್ನೆ ರಾತ್ರಿ ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಅವಳು ಬೆಳಿಗ್ಗೆ ದಿನವೂ ತಿನ್ನುವುದು ಚಪಾತಿಯೇ ಅಂತೆ. ಸೋಮವಾರ ರಕ್ತ ಕೊಡಲು ಹೋಗುತ್ತಿದ್ದಾಳೆ.